ಮರಳಿ ಬರುತ್ತೇನೆಂಬ ರುಜುವಾತು: ಮೌಂಟ್ ರೋಡಿನ ವೀಸಾ ಸಾಲಿನ ಚರಿತ್ರೆ

ಚೆನ್ನೈನಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ಬರುವ ನೆಂಟರಲ್ಲಿ ಒಂದು ವಿಶೇಷ ಪಂಗಡವಿದೆ. ಇವರು ಮರೀನಾ ನೋಡಲು ಬಂದವರಲ್ಲ, ಟಿ. ನಗರದಲ್ಲಿ ಸೀರೆ ಕೊಳ್ಳಲು ಬಂದವರೂ ಅಲ್ಲ. ರಾತ್ರಿಯ ರೈಲು ಹತ್ತಿ ನಸುಕಿನಲ್ಲೇ ಸೆಂಟ್ರಲ್‌ನಲ್ಲಿ ಇಳಿಯುತ್ತಾರೆ. ಬಟ್ಟೆಯ ಚೀಲಕ್ಕಿಂತ ಕಾಗದದ ಫೈಲು ದಪ್ಪಗಿರುತ್ತದೆ. ಒಂದು ದಿನ ಬೆರಳಚ್ಚು ಮತ್ತು ಫೋಟೋ, ಇನ್ನೊಂದು ದಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಂದರ್ಶನ. ಅದು ಮುಗಿದ ಸಂಜೆಯೇ ವಾಪಸು. ಫೈಲಿನೊಳಗೆ ಮನೆಯ ಕಂದಾಯ ರಸೀದಿ, ಪಹಣಿ, ಪಿಂಚಣಿ ಪುಸ್ತಕ, ಬ್ಯಾಂಕ್ ಠೇವಣಿ, ಮಕ್ಕಳ ಪತ್ರ ಎಲ್ಲವೂ ಇರುತ್ತವೆ.

ಆರು ತಿಂಗಳ ಪ್ರವಾಸಕ್ಕೆ ಹೊಲದ ಪಹಣಿ ಯಾಕೆ ಬೇಕು? ಇದಕ್ಕೆ ನೂರು ವರ್ಷದ ಚರಿತ್ರೆಯೇ ಇದೆ. ಅದನ್ನು ತಿಳಿದುಕೊಂಡರೆ ಅರ್ಜಿಯ ತಯಾರಿಯೂ ಬೇರೆಯಾಗಿ ಕಾಣುತ್ತದೆ.

1914ರ ಮಾರ್ಚ್ 17ರಂದು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಮದ್ರಾಸ್ ಬಂದರಿನಿಂದ 'ನೆವಾಸಾ' ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಅವರಿಗೆ ವೀಸಾದ ಪ್ರಶ್ನೆಯೇ ಏಳಲಿಲ್ಲ. ಅಡ್ಡಿ ಇದ್ದದ್ದು ಮನೆಯೊಳಗೆ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಭಯ, ಅದಕ್ಕಾಗಿ ತಾಯಿಯ ವಿರೋಧ. ಆ ಕಾಲದ ಮೈಸೂರಿನ, ಮಂಗಳೂರಿನ ಸಂಪ್ರದಾಯಸ್ಥ ಮನೆಗಳಲ್ಲೂ ಇದೇ ಕಥೆ. ಹೊರಟವನನ್ನು ತಡೆಯುತ್ತಿದ್ದುದು ಊರು. ಮರಳಿದವನನ್ನು ಪ್ರಾಯಶ್ಚಿತ್ತ ಕೇಳುತ್ತಿದ್ದುದೂ ಊರೇ.

ಅದೇ ವರ್ಷ ಶುರುವಾದ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಯುದ್ಧಕಾಲದ ತಾತ್ಕಾಲಿಕ ಕ್ರಮವಾಗಿ ಬಂದ ಪಾಸ್‌ಪೋರ್ಟ್ ಯುದ್ಧ ಮುಗಿದರೂ ಹೋಗಲಿಲ್ಲ. ಭಾರತದಲ್ಲಿ 1920ರ ಕಾಯ್ದೆ ಅದನ್ನು ಕಾಯಂ ಮಾಡಿತು. ಅತ್ತ ಅಮೆರಿಕ 1917ರ ಕಾನೂನಿನಲ್ಲಿ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಗೆರೆ ಎಳೆಯಿತು. ಭಾರತ ಆ ಗೆರೆಯೊಳಗೆ ಸಿಕ್ಕಿಬಿತ್ತು. ವಿದ್ಯಾರ್ಥಿಗಳು, ವೈದ್ಯರು, ಶಿಕ್ಷಕರು, ಪ್ರವಾಸಿಗಳು ಮುಂತಾದವರಿಗೆ ಮಾತ್ರ ವಿನಾಯಿತಿ ಸಿಕ್ಕಿತು. ನೆಲೆಸಲು ಬರುವ ಭಾರತೀಯನಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತು, ಬಂದು ಹೋಗುವವನಿಗೆ ಒಂದು ಕಿಂಡಿ ಉಳಿಯಿತು. 'ತಾತ್ಕಾಲಿಕ' ಎಂಬ ಪದ ನಮ್ಮ ಪಾಲಿಗೆ ಇಷ್ಟು ತೂಕದ್ದಾದದ್ದು ಹೀಗೆ.

ಸಾಲು ನಮ್ಮ ಊರಿಗೇ ಬಂದದ್ದು 1924ರ ವಲಸೆ ಕಾಯ್ದೆಯಿಂದ. ಅದಕ್ಕೆ ಮೊದಲು ಮುಖ್ಯ ತಪಾಸಣೆ ನಡೆಯುತ್ತಿದ್ದುದು ಹಡಗು ಇಳಿಯುವ ಬಂದರಿನಲ್ಲಿ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪ ಹೆಸರಾದದ್ದೇ ಅದಕ್ಕೆ. ಸಾಗರ ದಾಟಿ ಬಂದವರನ್ನು ಅಲ್ಲಿಂದ ಹಿಂದಕ್ಕೆ ಕಳಿಸುವುದಕ್ಕಿಂತ ಹೊರಡುವ ಊರಿನಲ್ಲೇ ತಡೆಯುವುದು ಸುಲಭ ಎಂಬ ಲೆಕ್ಕದಲ್ಲಿ ಆ ಕಾಯ್ದೆ ನಿರ್ಧಾರದ ಬಹುಪಾಲನ್ನು ಹೊರದೇಶದ ಕಾನ್ಸಲ್‌ಗಳ ಕೈಗೆ ಕೊಟ್ಟಿತು. ವಲಸಿಗರು ಬೇರೆ, ತಾತ್ಕಾಲಿಕವಾಗಿ ಬರುವವರು ಬೇರೆ ಎಂದು ಸ್ಪಷ್ಟವಾಗಿ ವಿಂಗಡಿಸಿತು. ಇಂದು ಮೌಂಟ್ ರೋಡಿನ ಗೋಡೆಯ ಪಕ್ಕ ನಿಲ್ಲುವವರು ಒಂದರ್ಥದಲ್ಲಿ ಎಲ್ಲಿಸ್ ದ್ವೀಪದ ಸಾಲಿನಲ್ಲೇ ನಿಂತಿದ್ದಾರೆ.

ನಂತರ 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ 100 ವಲಸೆಗಾರರ ಕೋಟಾ ಸಿಕ್ಕಿತು. 1952ರ ಕಾಯ್ದೆಯಲ್ಲಿ ಸೆಕ್ಷನ್ 214(ಬಿ) ಬಂತು. ವೀಸಾ ನಿರಾಕರಣೆಯ ಚೀಟಿಯಲ್ಲಿ ಈ ಸಂಖ್ಯೆಯನ್ನು ಕಂಡವರು ನಮ್ಮಲ್ಲಿ ಹಲವರಿದ್ದೀರಿ. ಅದರ ತಿರುಳು ಇಷ್ಟೇ: ಅರ್ಜಿದಾರನು ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂದೇ ಅಧಿಕಾರಿ ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ಕೋರ್ಟಿನಲ್ಲಿ ಆರೋಪಿಯನ್ನು ನಿರಪರಾಧಿ ಎಂದು ಭಾವಿಸಿ ವಿಚಾರಣೆ ಶುರುವಾಗುತ್ತದೆ. ಇಲ್ಲಿ ತದ್ವಿರುದ್ಧ. ಫೈಲಿನೊಳಗೆ ಪಹಣಿ ಸೇರಿಕೊಂಡದ್ದು ಈ ಒಂದು ವಾಕ್ಯದ ದೆಸೆಯಿಂದ.

ನಮ್ಮ ಸರ್ಕಾರವೂ ಆಗ ಉದಾರಿಯಾಗಿರಲಿಲ್ಲ. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಯಾಗಿತ್ತು. ವಿದೇಶ ಪ್ರಯಾಣವೂ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿದ ಮೇಲೆ, ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ವಿದೇಶಿ ವಿನಿಮಯದ ಬಿಗಿಯಿಂದಾಗಿ ಎಂಟು ಡಾಲರ್ ಜೇಬಿನಲ್ಲಿಟ್ಟು ಹೊರಟ ಕಥೆ ಹೇಳುವ ಹಿರಿಯರು ಈಗಲೂ ಇದ್ದಾರೆ.

ಮದ್ರಾಸಿಗೂ ಅಮೆರಿಕಕ್ಕೂ ನಂಟು ಹಳೆಯದು. 1794ರಲ್ಲೇ ವಿಲಿಯಂ ಅಬಟ್ ಎಂಬಾತ ಇಲ್ಲಿ ಅಮೆರಿಕದ ಕಾನ್ಸುಲರ್ ಪ್ರತಿನಿಧಿಯಾಗಿದ್ದ. ಜೆಮಿನಿ ವೃತ್ತದ ಈಗಿನ ಕಟ್ಟಡ ತೆರೆದದ್ದು 1969ರಲ್ಲಿ. ಆ ವೃತ್ತಕ್ಕೆ ಹೆಸರು ಬಂದದ್ದು ಎಸ್.ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋದಿಂದ. ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲವದು. ಹಾಗಾಗಿ ಕನ್ನಡಿಗರು ಈ ಊರಿಗೆ ಎರಡು ಅಲೆಗಳಲ್ಲಿ ಭಾಗ್ಯ ಪರೀಕ್ಷೆಗೆ ಬಂದರು: ಮೊದಲು ಸಿನಿಮಾ ಅವಕಾಶಕ್ಕೆ, ಆಮೇಲೆ ವೀಸಾಕ್ಕೆ. ಸಿನಿಮಾ ಬೆಂಗಳೂರಿಗೆ ಹೋಯಿತು. ವೀಸಾ ಇಲ್ಲೇ ಉಳಿಯಿತು.

'ತಾತ್ಕಾಲಿಕ' ಎಂಬ ಪದವನ್ನು ಬದುಕು ಎಷ್ಟು ಲೆಕ್ಕಿಸುತ್ತದೆ ಎಂಬುದಕ್ಕೆ ನಮ್ಮವರದೇ ಉದಾಹರಣೆಯಿದೆ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಓದಿ ಬರಲು ಹೋದವರು ಷಿಕಾಗೋದಲ್ಲಿ ಪ್ರಾಧ್ಯಾಪಕರಾದರು, 1993ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮೊದಲ ಕನ್ನಡ ಕವನ ಸಂಕಲನ 'ಹೊಕ್ಕುಳಲ್ಲಿ ಹೂವಿಲ್ಲ' ಬಂದದ್ದು 1969ರಲ್ಲಿ, ಅವರು ಅಮೆರಿಕ ಸೇರಿ ಹತ್ತು ವರ್ಷವಾದ ಮೇಲೆ. ಹೊರಡುವ ದಿನ ಇದನ್ನೆಲ್ಲ ಯಾರು ತಾನೇ ಹೇಳಬಲ್ಲರು?

ಬಹುಶಃ ಇಂಥ ಅನುಭವಗಳಿಂದಲೇ ಅಮೆರಿಕದ ಕಾನೂನು 1990ರಲ್ಲಿ ಒಂದು ಸಡಿಲಿಕೆ ಮಾಡಿತು. ಆ ವರ್ಷದ ಕಾಯ್ದೆ ಎಚ್-1ಬಿ ಎಂಬ ವರ್ಗವನ್ನು ರೂಪಿಸಿ ವರ್ಷಕ್ಕೆ 65,000ದ ಮಿತಿ ಹಾಕಿತು. ಜೊತೆಗೆ ಎಚ್-1ಬಿ ಮತ್ತು ಎಲ್ ವೀಸಾದವರನ್ನು 214(ಬಿ)ಯ ಶಂಕೆಯಿಂದ ಹೊರಗಿಟ್ಟಿತು. ಅವರು ಮುಂದೆ ಅಲ್ಲೇ ನೆಲೆಸುವ ಆಸೆ ಇಟ್ಟುಕೊಂಡಿದ್ದರೂ ತಪ್ಪಲ್ಲ. 2001ರಿಂದ 2003ರವರೆಗೆ ಮಿತಿ 1,95,000ಕ್ಕೆ ಏರಿ ಮತ್ತೆ 65,000ಕ್ಕೆ ಇಳಿಯಿತು. ಬೆಂಗಳೂರಿನ ಐಟಿ ಕಂಪನಿಗಳು ಬೆಳೆದದ್ದು ಈ ಏರಿಳಿತದ ನಡುವೆ.

ವಿಪರ್ಯಾಸ ಇರುವುದು ಇಲ್ಲಿಯೇ. ನನ್ನ ತಂಡದ ಹುಡುಗ ಕಂಪನಿಯ ಕಾಗದ ಹಿಡಿದು ಹೋಗುತ್ತಾನೆ. ವಾಪಸು ಬರುತ್ತಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ, ಯಾರೂ ಕೇಳುವುದೂ ಇಲ್ಲ. ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಹೊರಟವರು. ಅಡಿಕೆ ಕೊಯ್ಲಿನ ಹೊತ್ತಿಗೆ ತೋಟದಲ್ಲಿರದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಆದರೆ ರುಜುವಾತು ಕೊಡಬೇಕಾದವರು ಅವರೇ. ನಮ್ಮ ಮನೆಯಲ್ಲಿ ಫೈಲು ಜೋಡಿಸುತ್ತಾ ಅವರು ಕೇಳಿದ್ದು ಇದು: "ಹೋಗೋ ಮೊದ್ಲೇ ವಾಪಸ್ ಬರ್ತೀನಿ ಅಂತ ನಂಬಿಸ್ಬೇಕಾ ಮಾರಾಯ?" ಹೌದು ಚಿಕ್ಕಮ್ಮ, 1952ರಿಂದ ಹಾಗೇ.

2001ರ ಸೆಪ್ಟೆಂಬರ್ ದಾಳಿಯ ನಂತರ ಸಾಲು ಉದ್ದವಾಯಿತು. 2003ರಿಂದ ಬಹುತೇಕ ಎಲ್ಲರಿಗೂ ಮುಖಾಮುಖಿ ಸಂದರ್ಶನ ಕಡ್ಡಾಯವಾಯಿತು. ಕೆಲಸದ ವೀಸಾವನ್ನು ಅಮೆರಿಕದಲ್ಲಿದ್ದುಕೊಂಡೇ ನವೀಕರಿಸುವ ಸೌಲಭ್ಯ 2004ರಲ್ಲಿ ನಿಂತಿತು. 'ಸ್ಟಾಂಪಿಂಗ್'ಗೆಂದು ಊರಿಗೆ ಬರುವ ಪರಿಪಾಠ ಬೆಳೆದದ್ದು ಆಮೇಲೆ. ಕೋವಿಡ್ ಕಾಲದಲ್ಲಿ ಹಿಗ್ಗಿದ್ದ ಸಂದರ್ಶನ ವಿನಾಯಿತಿ 2025ರ ಸೆಪ್ಟೆಂಬರಿನಲ್ಲಿ ಮತ್ತೆ ಕುಗ್ಗಿತು. ಈಗ 14ರೊಳಗಿನ ಮಕ್ಕಳೂ 79 ದಾಟಿದ ಹಿರಿಯರೂ ಸಾಮಾನ್ಯವಾಗಿ ಕಿಟಕಿಯ ಮುಂದೆ ನಿಲ್ಲಬೇಕು.

ಹಾಗಾದರೆ ತಯಾರಿ ಹೇಗಿರಬೇಕು? ಕಾನೂನು ಕೇಳುವ ಪ್ರಶ್ನೆ ಒಂದೇ: ಇವರ ಬದುಕು ಎಲ್ಲಿದೆ? ಕಾಗದಗಳು ಆ ಉತ್ತರಕ್ಕೆ ಸಾಕ್ಷಿ ಮಾತ್ರ, ಉತ್ತರವಲ್ಲ. ಒಂದು ಕಾಗದವನ್ನೂ ನೋಡದೆ ಎರಡೇ ನಿಮಿಷದಲ್ಲಿ ತೀರ್ಮಾನ ಆಗುವುದುಂಟು. ಅಪ್ಪ ಅಮ್ಮನ ಡಿಎಸ್-160 ಅರ್ಜಿಯನ್ನು ಸಾಮಾನ್ಯವಾಗಿ ನಾವೇ ತುಂಬುತ್ತೇವೆ. ತುಂಬಿದ್ದು ಏನೆಂದು ಅವರಿಗೆ ಓದಿ ಹೇಳಿ. ಬಾಯಿಪಾಠದ ಇಂಗ್ಲಿಷ್ ಉತ್ತರ ಕಲಿಸಬೇಡಿ. ನಮ್ಮ ಭಾಷೆಗಳಲ್ಲೂ ಸಂದರ್ಶನ ನಡೆಯುತ್ತದೆ. ಯಾರನ್ನು ನೋಡಲು ಹೋಗುತ್ತೇನೆ, ಎಷ್ಟು ದಿನ ಇರುತ್ತೇನೆ, ಇಲ್ಲಿ ನನಗಾಗಿ ಏನು ಕಾದಿದೆ ಎಂಬುದನ್ನು ಅವರ ಮಾತಿನಲ್ಲೇ ಹೇಳಲಿ. ಅಡಿಕೆ ಕೊಯ್ಲು ಪಹಣಿಗಿಂತ ಗಟ್ಟಿ ಉತ್ತರ.

2025ರ ಜನವರಿ 17ರಂದು ಬೆಂಗಳೂರಿನಲ್ಲೂ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾಯಿತು. ಆಗ ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲ. ಅದು ಪೂರ್ತಿಯಾಗಿ ಬೆಂಗಳೂರಿಗೆ ಹೋದ ದಿನ ನಸುಕಿನಲ್ಲಿ ನಮ್ಮ ಮನೆಯ ಕರೆಗಂಟೆ ಬಾರಿಸುವ ನೆಂಟರು ಕಡಿಮೆಯಾಗಬಹುದು. ಕಿಟಕಿಯ ಆಚೆಯಿಂದ ಬರುವ ಪ್ರಶ್ನೆ ಮಾತ್ರ ಅದೇ ಇರುತ್ತದೆ.