ಗಾಂಧಾರಿಯ ದನಿ, ವಾಲ್ವ್‌ಗಳ ಬೆಳಕು

1930ರ ದಶಕದಲ್ಲಿ ಹುಬ್ಬಳ್ಳಿಯ ಯುವ ಗಾಯಕಿ ಗಂಗೂಬಾಯಿ ಹಾನಗಲ್ ಮುಂಬೈಯಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದರು. ತಟ್ಟೆಗಳ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಮುಂದೆ ಗಂಟಲ ಚಿಕಿತ್ಸೆಯ ನಂತರ ಅವರ ದನಿ ಗಡುಸಾಯಿತು. ನಾಡು ಬಲ್ಲದ್ದು ಆ ಗಡಸು ದನಿಯನ್ನೇ. ಮೊದಲಿನ ತೆಳುಕಂಠಕ್ಕೆ ಸಾಕ್ಷಿ ಆ 78 ಆರ್‌ಪಿಎಂ ತಟ್ಟೆಗಳು.

ಅವನ್ನು ಈಗ ಯಾವ ಯಂತ್ರದಲ್ಲಿ ಕೇಳಬೇಕು? ದುಬಾರಿ ವಾಲ್ವ್ ಫೋನೋ ಪ್ರೀಆಂಪ್‌ಗಳನ್ನು ಹೋಲಿಸುವವರು ವಾಲ್ವ್‌ಗಳ ಇಂಪನ್ನೇ ಹೊಗಳುವುದುಂಟು. ಆದರೆ ಪ್ರೀಆಂಪಿನ ಕೆಲಸ ಎರಡು. ಕಾರ್ಟ್ರಿಜ್ ಕೊಡುವ ಕೆಲವೇ ಮಿಲಿವೋಲ್ಟ್ ಸಂಕೇತವನ್ನು ಹಿಗ್ಗಿಸುವುದು ಒಂದು. ಮುದ್ರಿಸುವಾಗ ತಗ್ಗಿಸಿದ ಮಂದ್ರವನ್ನು ಎತ್ತಿ, ಎತ್ತಿದ ತಾರವನ್ನು ತಗ್ಗಿಸುವುದು ಇನ್ನೊಂದು. ಇದಕ್ಕೆ ಆರ್‌ಐಎಎ ಎಂಬ ಸಮಾನ ಅಳತೆ ಅಮೆರಿಕದಲ್ಲಿ ಬಂದದ್ದು 1954ರಲ್ಲಿ. ಅದಕ್ಕೆ ಮುಂಚೆ ಕಂಪನಿಗೊಂದು ಅಳತೆ.

ಇಂದಿನ ಬಹುಪಾಲು ಪ್ರೀಆಂಪ್‌ಗಳಲ್ಲಿರುವುದು ಆರ್‌ಐಎಎ ಮಾತ್ರ. 10,000 ಹರ್ಟ್ಜ್‌ನಲ್ಲಿ ಅದು ಸುಮಾರು 14 ಡೆಸಿಬೆಲ್ ತಗ್ಗಿಸುತ್ತದೆ. ತಾರವನ್ನು ಅಷ್ಟು ಎತ್ತದೆ ಕೊರೆದ ಹಳೆಯ ತಟ್ಟೆ ಅದರಲ್ಲಿ ಮಂಕಾಗುತ್ತದೆ, ಮಂದ್ರ ಉಬ್ಬುತ್ತದೆ. ಎಳೆಯ ಗಾಂಧಾರಿಗೆ ಇಲ್ಲದ ಗಡಸುತನ ಅಂಟಿಕೊಳ್ಳುತ್ತದೆ.

ಮುಂಬೈಯ ಚೋರ್ ಬಜಾರಿನಲ್ಲಿ ಅಂಥದೊಂದು ತಟ್ಟೆ ಸಿಕ್ಕಿದರೆ ಅದಕ್ಕೆ ಬೇಕಾದದ್ದು ದಪ್ಪ ತುದಿಯ ಸೂಜಿ, ಅಳತೆ ಬದಲಿಸುವ ಸ್ವಿಚ್ ಇರುವ ಪ್ರೀಆಂಪ್. ವಾಲ್ವ್‌ಗಳ ಮಾತು ಆಮೇಲಿನದು. ಲಕ್ಷ ರೂಪಾಯಿಯ ಪೆಟ್ಟಿಗೆಗೂ ಆ ಸ್ವಿಚ್ ಇಲ್ಲದಿದ್ದರೆ, ಕೇಳಿಸುವುದು ಇಂಪಾದ ಸುಳ್ಳು.