ಕಿರುಬೇರು

ಕಿರುಬೇರು ಎಂದರೆ ಸಸ್ಯದ ಮುಖ್ಯ ಬೇರಿನಿಂದ ಅಥವಾ ಅದರ ಕವಲುಗಳಿಂದ ಹೊರಡುವ ಸಣ್ಣ, ತೆಳುವಾದ ಬೇರು. ಮಣ್ಣಿನ ನೀರು ಹಾಗೂ ಲವಣಗಳನ್ನು ಬಹುಪಾಲು ಹೀರಿಕೊಳ್ಳುವುದು ಈ ಭಾಗವೇ.

ಹೆಸರು
ಸಸ್ಯಶಾಸ್ತ್ರದಲ್ಲಿ ಕವಲೊಡೆದ ಬೇರನ್ನು ಪಾರ್ಶ್ವ ಬೇರು ಎನ್ನುತ್ತಾರೆ; ಅದರ ಕೊನೆಯ ಸಣ್ಣ ಕವಲುಗಳೇ ಕಿರುಬೇರುಗಳು. ಇಂಗ್ಲಿಷಿನಲ್ಲಿ ಇವನ್ನು ರೂಟ್‌ಲೆಟ್ ಅಥವಾ ರ್‍ಯಾಡಿಸೆಲ್ ಎಂದು ಕರೆಯುತ್ತಾರೆ. ರ್‍ಯಾಡಿಕಲ್ ಎಂಬುದು ಬೇರೆಯೇ ಪದ. ಬೀಜ ಮೊಳೆಯುವಾಗ ಮೊದಲು ಹೊರಬರುವ ಭ್ರೂಣದ ಬೇರಿಗೆ ಆ ಹೆಸರಿದೆ.

ರಚನೆ
ಪಾರ್ಶ್ವ ಬೇರು ತಾಯಿಬೇರಿನ ಒಳಪದರವಾದ ಪರಿಚಕ್ರದಲ್ಲಿ ಹುಟ್ಟಿ, ಹೊರಪದರಗಳನ್ನು ಸೀಳಿಕೊಂಡು ಹೊರಬರುತ್ತದೆ. ಕಿರುಬೇರಿನ ತುದಿಯನ್ನು ಬೇರುಟೋಪಿ ರಕ್ಷಿಸುತ್ತದೆ. ತುದಿಯಿಂದ ಸ್ವಲ್ಪ ಹಿಂದೆ ಬೇರುರೋಮಗಳಿರುತ್ತವೆ. ಬೇರುರೋಮವು ಕಿರುಬೇರಲ್ಲ; ಅದು ಹೊರಚರ್ಮದ ಒಂದೇ ಜೀವಕೋಶದ ಚಾಚು. 1937ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹೋವರ್ಡ್ ಡಿಟ್ಮರ್ ನಾಲ್ಕು ತಿಂಗಳ ಒಂದು ರೈ ಗಿಡದಲ್ಲಿ ಸುಮಾರು 1.38 ಕೋಟಿ ಬೇರುಗಳಿರುವುದನ್ನೂ, ಅವುಗಳ ಒಟ್ಟು ಉದ್ದ ಸುಮಾರು 620 ಕಿ.ಮೀ. ಇರುವುದನ್ನೂ ಲೆಕ್ಕ ಹಾಕಿದರು.

ಯಾದಗಿರಿ ಜಿಲ್ಲೆಯ ಬೆಳೆಗಳಲ್ಲಿ
ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಮುಖ್ಯ ಬೆಳೆಗಳಲ್ಲಿ ತೊಗರಿ, ಹತ್ತಿ, ಭತ್ತ ಸೇರಿವೆ. ತೊಗರಿಯ ತಾಯಿಬೇರು ಆಳಕ್ಕಿಳಿದು ಮಳೆ ನಿಂತ ಮೇಲೂ ಗಿಡವನ್ನು ಕಾಯುತ್ತದೆ. ಅದರ ಪಾರ್ಶ್ವ ಬೇರುಗಳ ಮೇಲಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಎರೆಮಣ್ಣು ಒಣಗಿ ಬಿರುಕು ಬಿಟ್ಟಾಗ ಅಡ್ಡಲಾಗಿರುವ ಕಿರುಬೇರುಗಳು ಹರಿಯುತ್ತವೆ.

ತೊಗರಿಯ ನೆಟೆ ರೋಗಕ್ಕೆ ಕಾರಣವಾದ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಗಿಡದೊಳಕ್ಕೆ ಹೊಗುವುದೂ ಎಳೆಯ ಬೇರುಗಳ ಮೂಲಕವೇ. ಅದು ನೀರು ಸಾಗಿಸುವ ನಾಳಗಳಲ್ಲಿ ಹರಡುವುದರಿಂದ, ನೆಲದಲ್ಲಿ ತೇವವಿದ್ದರೂ ಹೂವು-ಕಾಯಿ ಹೊತ್ತ ಗಿಡ ಒಣಗಿ ಸಾಯುತ್ತದೆ. ಶಿಲೀಂಧ್ರವು ಹಳೆಯ ಬೇರು-ಕೂಳೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ರೋಗನಿರೋಧಕ ತಳಿ, ಟ್ರೈಕೋಡರ್ಮ ಬೀಜೋಪಚಾರ, ಜೋಳದೊಂದಿಗೆ ಬೆಳೆ ಪರಿವರ್ತನೆ ಅಥವಾ ಮಿಶ್ರಬೆಳೆ ಮುಂತಾದ ಕ್ರಮಗಳನ್ನು ಅನುಸರಿಸಲಾಗುತ್ತದೆ.

ನೀರಾವರಿ ಮತ್ತು ಕಿರುಬೇರು
ಹಿಂದೆ ಸುರಪುರ ತಾಲ್ಲೂಕಿನಲ್ಲಿದ್ದು ಈಗ ಹುಣಸಗಿ ತಾಲ್ಲೂಕಿಗೆ ಸೇರಿರುವ ನಾರಾಯಣಪುರದ ಬಳಿ ಕೃಷ್ಣಾ ನದಿಗೆ ಬಸವಸಾಗರ ಜಲಾಶಯವನ್ನು ಕಟ್ಟಲಾಗಿದೆ. ಇದರ ಎಡದಂಡೆ ಕಾಲುವೆಯು ಸುರಪುರ, ಶಹಾಪುರ ಭಾಗದ ಹೊಲಗಳಿಗೆ ನೀರುಣಿಸುತ್ತದೆ. ಕಿರುಬೇರುಗಳಿಗೂ ಉಸಿರಾಟಕ್ಕೆ ಆಮ್ಲಜನಕ ಬೇಕು. ನಿಂತ ನೀರಿನಲ್ಲಿ ತೊಗರಿಯ ಕಿರುಬೇರುಗಳು ಉಸಿರುಗಟ್ಟಿ ಕೊಳೆಯುತ್ತವೆ. ಭತ್ತದ ಬೇರುಗಳಲ್ಲಿ ಗಾಳಿಯನ್ನು ಎಲೆಗಳಿಂದ ಕೆಳಕ್ಕೆ ಸಾಗಿಸುವ ಪೊಳ್ಳು ಅಂಗಾಂಶವಿರುವುದರಿಂದ ಅವು ಬದುಕುತ್ತವೆ. ಬಸಿಗಾಲುವೆ ಇಲ್ಲದೆ ಅತಿಯಾಗಿ ನೀರು ಹಾಯಿಸಿದ ಎರೆಭೂಮಿ ಸವಳು-ಜವಳಾಗುತ್ತದೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದರೆ ಪರಾಸರಣದ ಮೂಲಕ ನೀರು ಕಿರುಬೇರಿನೊಳಕ್ಕೆ ಬರುವುದು ಕಡಿಮೆಯಾಗಿ, ಹಸಿ ನೆಲದಲ್ಲಿಯೂ ಬೆಳೆ ಬಾಡುತ್ತದೆ.