ಮಾಹಿತಿಯ ಬಾಹುಳ್ಯ ಮತ್ತು ಮೌಖಿಕ ಸ್ಮೃತಿ

ಮಾಹಿತಿಯ ಅತಿಭಾರವನ್ನು ಗಣಕಯಂತ್ರ ಯುಗದ ಸಮಸ್ಯೆಯೆಂದು ಪರಿಭಾವಿಸುವುದು ವಾಡಿಕೆ. ಚರಿತ್ರೆ ಈ ಗ್ರಹಿಕೆಯನ್ನು ಸಮರ್ಥಿಸುವುದಿಲ್ಲ. ಯುರೋಪಿನಲ್ಲಿ ಮುದ್ರಣ ಆರಂಭವಾಗಿ ನೂರು ವರ್ಷ ಕಳೆಯುವುದರೊಳಗೆ, 1545ರಲ್ಲಿ, ಜೂರಿಕ್‌ನ ವಿದ್ವಾಂಸ ಕಾನ್ರಾಡ್ ಗೆಸ್ನರ್ ಪುಸ್ತಕಗಳ ಗೊಂದಲಕಾರಿ ಬಾಹುಳ್ಯವನ್ನು ಕುರಿತು ಆತಂಕ ವ್ಯಕ್ತಪಡಿಸಿದ್ದನು. ಸುಮಾರು 3,000 ಗ್ರಂಥಕರ್ತರನ್ನೊಳಗೊಂಡ ಬೃಹತ್ ಗ್ರಂಥಸೂಚಿಯೇ ಅದಕ್ಕೆ ಅವನು ಕಂಡುಕೊಂಡ ಪರಿಹಾರ. ಹೀಗೆ ಅಕ್ಷರಲೋಕವು ನೆನಪಿನ ಹೊರೆಯನ್ನು ಸೂಚಿ, ಅಕಾರಾದಿ, ಟಿಪ್ಪಣಿ ಚೀಟಿಗಳಂತಹ ಬಾಹ್ಯ ಸಾಧನಗಳಿಗೆ ವರ್ಗಾಯಿಸಿತು. ಅಂತಹ ಸಾಧನಗಳಿಲ್ಲದ ಮೌಖಿಕ ಪರಂಪರೆಗಳು ಇದೇ ಹೊರೆಯನ್ನು ಹೇಗೆ ನಿರ್ವಹಿಸಿದವು ಎಂಬುದು ಜಾನಪದ ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲೊಂದು.

ಮನುಷ್ಯನ ತಾತ್ಕಾಲಿಕ ಸ್ಮೃತಿ ಏಕಕಾಲಕ್ಕೆ ಸುಮಾರು ಏಳು ಘಟಕಗಳನ್ನು ಮಾತ್ರ ಹಿಡಿದಿಡಬಲ್ಲದೆಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಸೂಚಿಸಿದನು. ನಂತರದ ಸಂಶೋಧನೆಗಳು ಈ ಮಿತಿಯನ್ನು ನಾಲ್ಕರ ಆಸುಪಾಸಿಗೆ ಇಳಿಸಿವೆ. ಆದರೆ ಬಿಡಿ ವಿವರಗಳನ್ನು ಕೂಡಿಸಿ ದೊಡ್ಡ ಘಟಕಗಳನ್ನಾಗಿ ಕಟ್ಟಿಕೊಂಡರೆ ಅದೇ ಮಿತಿಯೊಳಗೆ ಹೆಚ್ಚು ಸಂಗತಿಗಳು ಅಡಕಗೊಳ್ಳುತ್ತವೆ ಎಂಬ ಮಿಲ್ಲರ್‌ನ ವಿಚಾರ ಇಂದಿಗೂ ಮಾನ್ಯವಾಗಿದೆ.

ಮೌಖಿಕ ಕವಿಗಳು ಈ ಉಪಾಯವನ್ನು ಬಹಳ ಹಿಂದೆಯೇ ಬಳಕೆಗೆ ತಂದಿದ್ದರು. 1930ರ ದಶಕದಲ್ಲಿ ಯುಗೋಸ್ಲಾವಿಯಾದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ನಡೆಸಿದ ಕ್ಷೇತ್ರಕಾರ್ಯ ಇದಕ್ಕೆ ಸಾಕ್ಷಿ. ಓದುಬರಹ ಬಾರದ ಗಾಯಕ ಅವ್ದೋ ಮೆಜೆದೋವಿಚ್, ತಾನು ಹಿಂದೆಂದೂ ಕೇಳಿರದ 2,294 ಸಾಲುಗಳ ಕಥನವೊಂದನ್ನು ಇನ್ನೊಬ್ಬ ಗಾಯಕನಿಂದ ಕೇಳಿ, ಅದನ್ನೇ 6,313 ಸಾಲುಗಳಿಗೆ ವಿಸ್ತರಿಸಿ ಹಾಡಿದನು. ಇದು ಕಂಠಪಾಠವಲ್ಲ. ಸಿದ್ಧ ನುಡಿಗಟ್ಟುಗಳು, ಸಭೆ, ಪ್ರಯಾಣ, ಯುದ್ಧ ಮುಂತಾದ ವರ್ಣನಾ ಘಟಕಗಳು ಅವನ ಸ್ಮೃತಿಯಲ್ಲಿ ಮೊದಲೇ ನೆಲೆಗೊಂಡಿದ್ದವು. ಹೊಸ ಕಥೆಯಿಂದ ಅವನು ಗ್ರಹಿಸಬೇಕಾದುದು ಅವುಗಳ ಜೋಡಣೆಯ ಕ್ರಮವನ್ನು ಮಾತ್ರ.

ಕರ್ನಾಟಕದ ಕರಾವಳಿಯ ನಿದರ್ಶನ ಇದಕ್ಕೆ ಇನ್ನೊಂದು ಆಯಾಮವನ್ನು ಒದಗಿಸುತ್ತದೆ. ತುಳುವಿನ ಸಿರಿ ಮಹಾಕಾವ್ಯವನ್ನು ಗೋಪಾಲ ನಾಯ್ಕರ ಕಂಠದಿಂದ 1990ರಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ, ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ತಂಡ ದಾಖಲಿಸಿತು. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಗದ್ದೆಯ ಕೆಲಸದಲ್ಲಾಗಲಿ ಸಿರಿ ಆರಾಧನೆಯಲ್ಲಾಗಲಿ ಕಾವ್ಯ ಇಡಿಯಾಗಿ ಪ್ರಕಟಗೊಳ್ಳುವುದಿಲ್ಲ. ಆಯಾ ಸಂದರ್ಭಕ್ಕೆ ಬೇಕಾದಷ್ಟೇ ಹೊರಬರುತ್ತದೆ. ಗಾಯಕನ ಅಂತರಂಗದಲ್ಲಿರುವ ಈ ಸಂಚಲನಶೀಲ ಸಂಗ್ರಹವನ್ನು ಹಾಂಕೊ ‘ಮಾನಸಿಕ ಪಠ್ಯ’ವೆಂದು ಕರೆದನು.

ಇಲ್ಲಿ ಎರಡು ಹೊಂದಾಣಿಕೆಗಳು ಸ್ಪಷ್ಟವಾಗುತ್ತವೆ: ಒಂದು, ಘಟಕಗಳಾಗಿ ಕಟ್ಟಿಕೊಳ್ಳುವುದು, ಇನ್ನೊಂದು, ಸಂದರ್ಭಾನುಸಾರ ಆಯ್ದುಕೊಳ್ಳುವುದು. ಗ್ರಂಥಸೂಚಿಯೂ ಧ್ವನಿಮುದ್ರಣವೂ ಸಂಗ್ರಹದ ಹೊರೆಯನ್ನು ಇಳಿಸಿವೆಯೇ ಹೊರತು ಆಯ್ಕೆಯ ಹೊಣೆಯನ್ನಲ್ಲ. ಆದುದರಿಂದ ಪಠ್ಯವನ್ನಷ್ಟೇ ದಾಖಲಿಸಿ, ಅದು ಯಾವ ಸಂದರ್ಭದಲ್ಲಿ, ಯಾರೆದುರು, ಎಷ್ಟರಮಟ್ಟಿಗೆ ಹಾಡಲ್ಪಡುತ್ತಿತ್ತು ಎಂಬುದನ್ನು ಕೈಬಿಟ್ಟ ಸಂಗ್ರಹಾಲಯಗಳು ಮೌಖಿಕ ಪರಂಪರೆಯ ಅರ್ಧಜ್ಞಾನವನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಉಳಿದರ್ಧವು ಗಾಯಕರೊಂದಿಗೇ ಮರೆಯಾಗುತ್ತದೆ.